ವಚನ ಶುದ್ಧಿ

ಮಂಗಸೂಳಿ ರಸ್ತೆಯ ನಮ್ಮೂರ ಬಸದಿಯ ಮಹಿಳಾ ಮಂಡಳಕ್ಕೆ ನಾನು ಅಧ್ಯಕ್ಷೆಯಾಗಿ ನಾಲ್ಕು ತಿಂಗಳಾಗಿತ್ತು. ನನಗಿಂತ ಮೊದಲು ಇಪ್ಪತ್ತು ವರ್ಷ ಅದನ್ನು ನಡೆಸಿದ ಲಕ್ಷ್ಮಿಬಾಯಿ ಆಯಿ ಒಂದು ಚೀಟಿಯನ್ನೂ ಬರೆದವರಲ್ಲ. ನಾನು ಬರೆದೆ. ಚಾತುರ್ಮಾಸಕ್ಕೆ ಮುನಿ ಮಹಾರಾಜರು ಬಂದಿದ್ದರು. ಅವರ ಆಹಾರಕ್ಕೆ ಯಾರು ನೀರು ಸೋಸಬೇಕು, ಯಾರು ಅಕ್ಕಿ ಆರಿಸಬೇಕು, ಯಾರು ಹಾಲು ಕಾಯಿಸಬೇಕು, ಎಲ್ಲ ಬರೆದು ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಹದಿನೆಂಟು ಜನ "ಹೌದ್ರಿ" ಎಂದರು. ಬೆಳಿಗ್ಗೆ ಬಂದವರು ಐದೇ ಜನ. ಸಿಟ್ಟು ನೆತ್ತಿಗೇರಿತು. ಕೊನೆಗೆ ಎಲ್ಲಕ್ಕೂ ನಾನೇ ಕೈ ಹಾಕತೊಡಗಿದೆ. ಬಂದ ಐವರ ಕೈಯಿಂದಲೂ ಕೆಲಸ ಕಸಿದುಕೊಳ್ಳುತ್ತಿದ್ದೇನೆ ಎಂಬುದು ಆಗ ಹೊಳೆಯಲಿಲ್ಲ.

ಮಹಾರಾಜರದು ದಿನಕ್ಕೊಂದೇ ಊಟ, ನಿಂತುಕೊಂಡು, ಬೊಗಸೆಯಲ್ಲಿ. ಬೊಗಸೆಯಲ್ಲಿ ಒಂದು ಕೂದಲು ಕಂಡರೂ ಅಂತರಾಯ. ಅಲ್ಲಿಗೆ ಊಟ ಬಿಟ್ಟರೆ ಮರುದಿನದವರೆಗೆ ಗುಟುಕು ನೀರೂ ಇಲ್ಲ. ಮಂಗಳವಾರ ಎರಡನೇ ತುತ್ತಿಗೇ ಕೂದಲು ಬಂತು.

ಅನ್ನ ಬಡಿಸಿದವಳು ರಾಜಮತಿ, ನಮ್ಮ ಓಣಿಯ ಸಮ್ಮೇದನ ಹೆಂಡತಿ.

"ತಲಿ ಕಟ್ಕೊಳ್ಳಾಕ ಬರಾಂಗಿಲ್ಲೇನ ನಿನಗ? ಮಹಾರಾಜರನ್ನ ಉಪವಾಸ ಕೆಡವಿದಿ ನೋಡು! ನಾಳಿಂದ ಬರಬ್ಯಾಡ ನೀ!" ಎಂದು ಎಲ್ಲರೆದುರು ಕೂಗಾಡಿದೆ. ಗ್ರೂಪಿನಿಂದಲೂ ತೆಗೆದುಹಾಕಿದೆ. ಅವಳು "ಹೌದ್ರಿ ಅಕ್ಕಾ" ಎಂದಳು, ಅಷ್ಟೇ.

ಮಧ್ಯಾಹ್ನ ಲಕ್ಷ್ಮಿಬಾಯಿ ಆಯಿ ಮನೆಗೆ ಬಂದರು.

"ಆ ಕೂದಲ ನಾನೂ ನೋಡೀನಿ ತ್ರಿಶಲಾ. ಕೆಂಪಗಿತ್ತು. ರಾಜಮತಿ ತಲಿಗೆ ಮೆಹಂದಿ ಹಚ್ಚಾಂಗಿಲ್ಲ."

ಮಂಡಳದಲ್ಲಿ ಮೆಹಂದಿ ಹಚ್ಚುವವಳು ನಾನೊಬ್ಬಳೇ. ಅನ್ನದ ಪಾತ್ರೆಯನ್ನು ರಾಜಮತಿಯ ಕೈಯಿಂದ ಕಸಿದುಕೊಂಡು ನಾನೇ ಬಗ್ಗಿ ತಿರುವಿದ್ದು ನೆನಪಾಯಿತು. ನಾಚಿಕೆಯಾಯಿತು. ಆದರೂ ಅವಳ ಮನೆಗೆ ಹೋಗಲಿಲ್ಲ. ಅಧ್ಯಕ್ಷೆಯೇ ಹೋಗಿ ಕೈಮುಗಿದರೆ ನಾಳೆ ನನ್ನ ಮಾತು ಯಾರು ಕೇಳುತ್ತಾರೆ ಎಂದುಕೊಂಡೆ.

ಬುಧವಾರ ಬಂದವರು ಇಬ್ಬರು. ಉಳಿದವರು ಜ್ವರ, ದ್ರಾಕ್ಷಿ ತೋಟದ ಕೆಲಸ, ಬೀಗರು ಎಂದು ಮೆಸೇಜ್ ಹಾಕಿದ್ದರು. ಹಲ್ಲು ಕಚ್ಚಿಕೊಂಡು ಎಲ್ಲ ನಾನೇ ಮಾಡಿ, ಮಹಾರಾಜರನ್ನು ಆಹಾರಕ್ಕೆ ಬರಮಾಡಿಕೊಳ್ಳಲು ಕಳಶ ಹಿಡಿದು ಬಾಗಿಲಲ್ಲಿ ನಿಂತೆ. ಅವರು ನಡೆದು ಬಂದರು, ಹಿಂದೆ ಊರಿನ ಜನ. ಹೊಟ್ಟೆ ಬೆನ್ನಿಗೆ ಹತ್ತಿತ್ತು. ನನ್ನೆದುರೇ ನಿಂತರು.

"ನಮೋಸ್ತು, ನಮೋಸ್ತು, ನಮೋಸ್ತು. ಮನ ಶುದ್ಧಿ..."

ಮುಂದಿನದು ವಚನ ಶುದ್ಧಿ. ನನ್ನ ಮಾತು ಶುದ್ಧವಾಗಿದೆ ಎಂದು ಸಾರದೆ ಅವರು ಒಳಗೆ ಕಾಲಿಡುವುದಿಲ್ಲ. ನೂರು ಸಲ ಹೇಳಿದ ಮಾತು; ಇವತ್ತು ಮಾತ್ರ ನಿನ್ನೆ ರಾಜಮತಿಗೆ ಅಂದದ್ದು ಅಡ್ಡ ಬಂತು. ಸುಳ್ಳು ಹೇಳಿ ಉಣಿಸಲೇ? ಸುಮ್ಮನಿದ್ದು ಇನ್ನೊಂದು ದಿನ ಉಪವಾಸ ಕೆಡವಲೇ? ನನ್ನ ಮೇಲೆ ನನಗೇ ರೇಗಿತು.

ಎದುರುಗೋಡೆಯ ಹತ್ತಿರ ರಾಜಮತಿ ನಿಂತಿದ್ದಳು. ಬರಬೇಡ ಎಂದರೂ ಮಡಿಯುಟ್ಟು ಬಂದಿದ್ದಳು.

"ರಾಜಮತಿ, ಆ ಕೂದಲ ನಂದ ಇತ್ತವಾ. ನಿನ್ನ ಮ್ಯಾಲ ಹಾಕಿದ್ನಿ. ತಪ್ಪಾತು." ನೆರೆದವರಿಗೆಲ್ಲ ಕೇಳಿಸಿತು. "ಲಗೂನ ಬಾ, ನೀ ಹೇಳು. ನನ್ನ ಬಾಯಿಂದ ಬರವಲ್ದು."

ಅವಳು "ಹೌದ್ರಿ" ಎನ್ನಲಿಲ್ಲ. ನನ್ನ ಕೈಯಿಂದ ಕಳಶ ಕಸಿದುಕೊಂಡು, ನಮೋಸ್ತುವಿನಿಂದ ಹಿಡಿದು ಎಲ್ಲ ಶುದ್ಧಿಗಳನ್ನೂ ಒಂದೇ ಉಸಿರಿಗೆ ಹೇಳಿದಳು. ಮಹಾರಾಜರು ಒಳಗೆ ಹೋದರು.

ನಾನು ಹೊರಗೇ ಉಳಿದೆ. ಹಾಲು ಸುಡುತ್ತಿರಬಹುದು, ಆರಿಸಿ ಕೊಡು ಎಂದು ಕೂಗುವ ಮಾತು ನಾಲಿಗೆ ತುದಿಗೆ ಬಂತು. ತುಟಿ ಕಚ್ಚಿಕೊಂಡೆ. ಸುಮ್ಮನೆ ನಿಲ್ಲುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ.

ಒಳಗಿನಿಂದ ರಾಜಮತಿಯ ದನಿ ಕೇಳಿತು: "ಹಾಲ ಬಿಸಿ ಐತಿ, ಆರಲಿ ತಡೀರಿ."