ಪೆಟ್ಟಿಗೆಯೊಳಗಿನ ಅವ್ವ

ಕರುಮತ್ತಂಪಟ್ಟಿಯ ಚೆನ್ನಕೇಶವನ್ ಮನೆಯಲ್ಲಿ ಮಾತಾಡುವುದೆಲ್ಲ ಕನ್ನಡ, ಓದಲು ಮಾತ್ರ ಬರುವುದಿಲ್ಲ. ಆ ನೇಕಾರರ ಬೀದಿಯಲ್ಲಿ ಯಾರಿಗೂ ಬರುವುದಿಲ್ಲ. ಎಲ್ಲರೂ ಕಲಿತದ್ದು ತಮಿಳು ಶಾಲೆಯಲ್ಲಿ. ಆದರೂ ಟಿ.ವಿ.ಗೆ ಸೆಟ್‌ಟಾಪ್ ಪೆಟ್ಟಿಗೆ ಹಾಕಿಸಿದ ದಿನ ಪರದೆಯ ಬರಹ ಯಾವ ಭಾಷೆಯಲ್ಲಿ ಬೇಕೆಂದು ಕೇಳಿದ್ದಕ್ಕೆ ಎದೆಯುಬ್ಬಿಸಿ ಕನ್ನಡ ಎಂದಿದ್ದ. ನಮ್ಮ ಅಕ್ಷರ, ನೋಡುವುದಕ್ಕಾದರೂ ಇರಲಿ. ತಿಳಿಯದ್ದೇನಾದರೂ ಬಂದರೆ ರಿಮೋಟಿನ ಹಸಿರು ಗುಂಡಿ ಒತ್ತಿದರಾಯಿತು.

ಆ ಪೆಟ್ಟಿಗೆಯಲ್ಲೇ ಅವನ ಅವ್ವ ನಾಚಿಯಮ್ಮ ಇದ್ದಳು. ಅವಳು ತೀರಿಕೊಳ್ಳುವ ಹಿಂದಿನ ವರ್ಷ ಒಂದು ಕನ್ನಡ ಚಾನೆಲ್ಲಿನವರು ಬಂದು, ಅವಳಿಂದ ಮದುವೆಯ ಅರಿಸಿನದ ಹಾಡು ಹೇಳಿಸಿ ಪ್ರಸಾರ ಮಾಡಿದ್ದರು. ಚೆನ್ನಕೇಶವನ್ ರೆಕಾರ್ಡ್ ಮಾಡಿಟ್ಟ. ಪೊಳ್ಳಾಚಿಗೆ ಕೊಟ್ಟಿದ್ದ ತಂಗಿ ರುಕ್ಮಣಿ ಅದನ್ನು ನೋಡಿರಲಿಲ್ಲ. ಪೆನ್‌ಡ್ರೈವ್‌ಗೆ ಹಾಕಿ ಕಳಿಸಿದರೆ ಅವಳ ಟಿ.ವಿ.ಯಲ್ಲಿ ಅದು ಖಾಲಿ. ರೆಕಾರ್ಡ್ ಆದ ಪೆಟ್ಟಿಗೆಯಲ್ಲಿ ಮಾತ್ರ ನೋಡಬಹುದು, ಕಾಪಿ ಮಾಡುವಂತಿಲ್ಲ, ಚಾನೆಲ್ಲಿನವರ ಕಟ್ಟಪ್ಪಣೆ ಎಂದು ಕೇಬಲ್ಲಿನ ಸೆಲ್ವಕುಮಾರ್ ಹೇಳಿದ. ಹಾಡಿದ್ದು ನಮ್ಮವ್ವ, ಬೀಗ ಮಾತ್ರ ಅವರದು. ಟಿ.ವಿ. ಮುಂದೆ ಫೋನು ಹಿಡಿದರೆ ಹಗಲೂ ರಾತ್ರಿ ಓಡುವ ಪಕ್ಕದ ಮಗ್ಗಗಳ ಗಲಾಟೆಯಷ್ಟೇ ಸಿಕ್ಕಿತು. ಕರೆಂಟು ಹೋದರೆ ಮಗ್ಗ ನಿಲ್ಲುತ್ತದೆ ನಿಜ, ಟಿ.ವಿ.ಯೂ ನಿಲ್ಲುತ್ತದೆ. ಅವನಿಗೆ ಸಾಕುಸಾಕಾಗಿತ್ತು. ಅಮಾವಾಸ್ಯೆ ದಿನ ಮಗ್ಗಕ್ಕೆ ರಜೆ, ಅವತ್ತೇ ಬಾ, ಕೇಳಿಕೊಂಡು ಫೋನಿಗೂ ತುಂಬಿಸಿಕೋ ಎಂದು ತಂಗಿಗೆ ಹೇಳಿದ.

ಅಮಾವಾಸ್ಯೆಗೆ ರುಕ್ಮಣಿ ಎರಡು ಬಸ್ಸು ಬದಲಿಸಿ ಬಂದಳು. ಮಗ್ಗದ ಸದ್ದಿಲ್ಲದೆ ಬೀದಿ ತಣ್ಣಗಿತ್ತು. ಟಿ.ವಿ. ಹಾಕಿದೊಡನೆ ಪರದೆಯ ತುಂಬ ಕನ್ನಡ ಅಕ್ಷರ. ಏನು ಬರೆದಿದೆ ಎಂದು ತಂಗಿ ಕೇಳಿದಳು. ಏನೋ ಕಂಪನಿಯವರ ಸಮಾಚಾರ ಎಂದು ಚೆನ್ನಕೇಶವನ್ ಹಸಿರು ಗುಂಡಿ ಒತ್ತಿದ. ಅಕ್ಷರ ಹೋಯಿತು. ಹಿಂದೆಯೇ ಅವ್ವನೂ ಹೋಗಿದ್ದಳು. ರೆಕಾರ್ಡ್ ಮಾಡಿಟ್ಟ ಜಾಗವೆಲ್ಲ ಬರಿದು.

ಕಂಪನಿಗೆ ಫೋನ್ ಮಾಡಿದರೆ ಕನ್ನಡದ ಹುಡುಗಿಯೇ ಸಿಕ್ಕಳು. ಚಾನೆಲ್ಲಿನವರು ಹಳೆಯ ಕಾರ್ಯಕ್ರಮಗಳನ್ನೆಲ್ಲ ವಾಪಸ್ಸು ತೆಗೆದುಕೊಳ್ಳುತ್ತಿದ್ದಾರೆ, ಒಮ್ಮೆ ಅಳಿಸಿದ್ದು ಬರುವುದಿಲ್ಲ ಎಂದಳು.

"ಅಳಿಸೋದಕ್ಕೆ ಒಪ್ಪಿಗೆನಾ ಅಂತ ಕೇಳಿತ್ತಲ್ಲ ಸರ್. ಕೆಂಪು ಒತ್ತಿದ್ರೆ ಇನ್ನೊಂದು ತಿಂಗಳು ಇರ್ತಿತ್ತು. ನಿಮಗೆ ಕನ್ನಡದಲ್ಲೇ ಬಂದಿರುತ್ತೆ ನೋಡಿ."

ಓದಲು ಬರುವುದಿಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಸರಿಯಮ್ಮ ಎಂದು ಫೋನ್ ಇಟ್ಟ. ಯಾರ ಮೇಲೆ ರೇಗುವುದು? ರೇಗುವ ಶಕ್ತಿಯೂ ಉಳಿದಿರಲಿಲ್ಲ. ತಂಗಿಯ ಮುಖ ನೋಡಲಾರದೆ, ಆ ಹಾಡು ನಿನಗೆ ಪೂರ್ತಿ ಬರುತ್ತದಲ್ಲ, ನೀನೇ ಹೇಳು, ಫೋನಿನಲ್ಲಿ ಹಿಡಿಯೋಣ ಎಂದ.

ರುಕ್ಮಣಿ ಕೈಯಲ್ಲಿದ್ದ ಫೋನನ್ನು ಚೀಲಕ್ಕೆ ಹಾಕಿಕೊಂಡಳು.

"ಹಾಡು ನಂಗೂ ಬರ್ತದೆ ಅಣ್ಣಾ. ನಾ ಬಂದದ್ದು ಅವ್ವನ ಗಂಟಲು ಕೇಳಕ್ಕೆ."

ಅವನು ರಿಮೋಟನ್ನು ಮೆಲ್ಲಗೆ ಪೆಟ್ಟಿಗೆಯ ಮೇಲಿಟ್ಟ. ಮಗ್ಗಗಳಾದರೂ ಓಡುತ್ತಿದ್ದರೆ ಚೆನ್ನಾಗಿತ್ತು ಎನಿಸಿತು.