ತಡ ಆದಷ್ಟೂ ದೂರ

ಮಕ್ತಲ್‌ನಿಂದ ನಾರಾಯಣಪೇಟೆಗೆ ಹೋಗುವ ರಸ್ತೆಯ ಪಕ್ಕ, ಮಾದಿಗರ ಕೇರಿಯವರು ತಮ್ಮ ಸತ್ತವರನ್ನು ಹೂಳುತ್ತಿದ್ದ ನೆಲವನ್ನು ಖಾರಿಜ್ ಖಾತಾ, ಅಂದರೆ ಯಾರದೂ ಅಲ್ಲದ ಸರ್ಕಾರಿ ಜಮೀನು ಎಂದು ಬರೆದುಕೊಂಡು, ಒಂದು ಬೆಳಿಗ್ಗೆ ಜೆಸಿಬಿ ತಂದು ಸಪಾಟು ಮಾಡಿದರು. ಗೋರಿಗಳ ಮೇಲಿನ ಕಲ್ಲುಗಳನ್ನು ಹಳ್ಳಕ್ಕೆ ನೂಕಿದರು. ಆಮೇಲೆ ಅದರ ಮೇಲೆ ಕಾಂಕ್ರೀಟು ಸುರಿದು ಒಂದು ಸಂಸ್ಥೆಯ ಪರೀಕ್ಷಾ ಶೆಡ್ಡು ಕಟ್ಟಿದರು.

ಆ ಶೆಡ್ಡಿನಲ್ಲಿ ಅಖಿಲಾ ಕೆಲಸ ಮಾಡುತ್ತಾಳೆ. ಅವಳ ತಾಯಿ ಜಮ್ಮುಲಮ್ಮ ಅದರ ಕೆಳಗೆ ಇದ್ದಾಳೆ.

ಕೆಳಗೆ ಅಂದರೆ ಎಲ್ಲಿ ಎಂದು ಈಗ ಯಾರೂ ಬೆರಳಿಟ್ಟು ತೋರಿಸಲಾರರು. ಜೆಸಿಬಿ ಬಂದಾಗ ಅಖಿಲಾ ಹೈದರಾಬಾದಿನಲ್ಲಿ ಎಮ್ಮೆಸ್ಸಿ ಓದುತ್ತಿದ್ದಳು. ಕೇರಿಯವರು ತಹಸೀಲ್ ಕಚೇರಿಗೆ ಹೋಗಿ ಕೂತರು. ಕಾಲುವೆ ದಂಡೆಯ ಮೇಲೆ ಬೇರೆ ಜಾಗ ಕೊಟ್ಟಿದೆ, ಇನ್ನು ಮುಂದೆ ಸತ್ತವರನ್ನು ಅಲ್ಲಿ ಹೂಳಿರಿ ಎಂದು ಅಲ್ಲಿನವರು ಅಂದರು. ಈಗಾಗಲೇ ಸತ್ತವರು ಏನು ಮಾಡಬೇಕು ಎಂದು ಕೇಳಿದ್ದಕ್ಕೆ ಕಚೇರಿಯಲ್ಲಿ ಯಾರೋ ನಕ್ಕರು.

ಮುಂದೆ ಅದೇ ಶೆಡ್ಡಿಗೆ ಭೌತಶಾಸ್ತ್ರ ಓದಿದವರು ಬೇಕು ಎಂದು ಜಾಹೀರಾತು ಬಂತು. ಅಖಿಲಾ ಬೇರೆಲ್ಲೂ ಅರ್ಜಿ ಹಾಕಲಿಲ್ಲ. ಈ ಮೂಲೆಗೇ ಯಾಕೆ ಬರುತ್ತೀ ಎಂದು ಸಂದರ್ಶನದಲ್ಲಿ ಕೇಳಿದಾಗ, "ಮನೆಯವರು ಹತ್ತಿರ ಇದ್ದಾರೆ" ಎಂದಳು.

ಅಲ್ಲಿನ ಕೆಲಸ ಡ್ರಿಫ್ಟ್ ಚೇಂಬರುಗಳನ್ನು ಪರೀಕ್ಷಿಸುವುದು. ಯುರೋಪಿನ ಒಂದು ಪ್ರಯೋಗಕ್ಕೆ ಹೋಗಬೇಕಾದ ಚಪ್ಪಟೆ ಪೆಟ್ಟಿಗೆಗಳು ಅವು. ಒಳಗೆ ಗ್ಯಾಸು, ಗ್ಯಾಸಿನ ನಡುವೆ ಕೂದಲಿಗಿಂತ ಸಣ್ಣ ತಂತಿಗಳ ಸಾಲು. ಆಕಾಶದ ಎತ್ತರದಲ್ಲಿ ಹುಟ್ಟಿದ ಮ್ಯೂಆನ್ ಎಂಬ ಕಣ ಹಗಲೂ ರಾತ್ರಿ ಎಲ್ಲರ ಮೇಲೂ ಸುರಿಯುತ್ತಿರುತ್ತದೆ. ತಗಡು, ತಲೆ, ಪೆಟ್ಟಿಗೆ ಎಲ್ಲ ದಾಟಿಕೊಂಡು ಹೋಗುತ್ತದೆ. ಹೋಗುವ ದಾರಿಯಲ್ಲಿ ಗ್ಯಾಸಿನಿಂದ ಎಲೆಕ್ಟ್ರಾನುಗಳನ್ನು ಕೆದರಿ ಬಿಡುತ್ತದೆ. ಆ ಎಲೆಕ್ಟ್ರಾನುಗಳು ಮೆಲ್ಲಗೆ ತೇಲಿಕೊಂಡು ಹತ್ತಿರದ ತಂತಿಗೆ ಬರುತ್ತವೆ. ಬೇಗ ಬಂದರೆ ಕಣ ತಂತಿಯ ಪಕ್ಕದಲ್ಲೇ ದಾಟಿದೆ, ತಡವಾಗಿ ಬಂದರೆ ದೂರದಲ್ಲಿ. ಎಷ್ಟು ತಡಕ್ಕೆ ಎಷ್ಟು ದೂರ ಎಂದು ಒಂದೊಂದು ತಂತಿಗೂ ಗೊತ್ತುಮಾಡಬೇಕು. ಬಿಸಿಲೇರಿ ಶೆಡ್ಡು ಕಾದರೆ ಗ್ಯಾಸು ಬದಲಾಗುತ್ತದೆ, ಲೆಕ್ಕ ಮತ್ತೆ ಮೊದಲಿನಿಂದ.

ಈ ಲೆಕ್ಕ ಅಖಿಲಾಗೆ ಹೊಸದಾಗಿರಲಿಲ್ಲ. ಗದ್ವಾಲಿನ ಹಾಸ್ಟೆಲಿನಲ್ಲಿ ಓದುವಾಗ ತಿಂಗಳಿಗೊಮ್ಮೆ ಭೇಟಿಯ ದಿನ ಇರುತ್ತಿತ್ತು. ಅವ್ವ ಕೂಲಿಯ ಗುಂಪಿನ ಜೊತೆ ಊರೂರು ತಿರುಗಿ ಕಾಲುವೆ, ಕಟ್ಟಡ, ರಸ್ತೆ ಅಂತ ಮಣ್ಣು ಹೊರುತ್ತಿದ್ದಳು. ಈ ತಿಂಗಳು ಎಲ್ಲಿದ್ದಾಳೆ ಎಂದು ತಿಳಿಯಲು ಮಗಳಿಗೆ ಇದ್ದದ್ದು ಒಂದೇ ದಾರಿ. ಬೆಳಗಿನ ಬಸ್ಸಿಗೆ ಬಂದರೆ ಐಜದ ಕಡೆ ಕೆಲಸ. ಊಟದ ಗಂಟೆ ಬಾರಿಸಿದ ಮೇಲೆ ಬಂದರೆ ಕರ್ನೂಲಿನ ಆಚೆ. ಗೇಟು ಹಾಕುವ ಹೊತ್ತಿಗೆ ಬಂದರೆ ಪುಣೆ. ಜೊತೆಯ ಹುಡುಗಿಯರು ಮನೆಯವರು ತಂದ ಡಬ್ಬಿ ಬಿಚ್ಚಿ ಉಣ್ಣುವಾಗ ಅಖಿಲಾ ಗೇಟಿನ ಕಡೆ ನೋಡುತ್ತ, ಅವ್ವನನ್ನು ನಕಾಶೆಯ ಮೇಲೆ ದೂರ ದೂರ ಸರಿಸುತ್ತ ಕೂತಿರುತ್ತಿದ್ದಳು.

ಅವ್ವ ಒಂದೇ ಕಡೆ ನಿಂತದ್ದು ಅಂದರೆ ಸತ್ತ ಮೇಲೆ, ಈ ನೆಲದಲ್ಲಿ.

ಪರದೆಯ ಮೇಲೆ ಮ್ಯೂಆನು ಹೋದ ದಾರಿ ಗೆರೆಯಾಗಿ ಮೂಡುತ್ತದೆ. ಗೆರೆ ಕೊನೆಯ ಪೆಟ್ಟಿಗೆಗೆ ಮುಗಿದರೆ ಸಾಕು. ಅಖಿಲಾ ಅದನ್ನು ಕೆಳಕ್ಕೆ ಎಳೆಯುತ್ತಿದ್ದಳು. ಕಾಂಕ್ರೀಟು ದಾಟಿಸಿ, ಮೊರಂ ಮಣ್ಣು ದಾಟಿಸಿ, ಒಬ್ಬರನ್ನು ಮಲಗಿಸುವಷ್ಟು ಆಳದವರೆಗೆ. ಕೆಲವೊಂದು ಗೆರೆಗಳು ಅಲ್ಲಿ ಅವ್ವನನ್ನು ಮುಟ್ಟಿರುತ್ತವೆ. ಯಾವುವು ಎಂದು ಗೊತ್ತಿಲ್ಲ. ಗೊತ್ತಿಲ್ಲದೆಯೂ ನೋಡುತ್ತ ಕೂತಿರುತ್ತಿದ್ದಳು.

ಒಮ್ಮೆ ಮಹಾಂತಯ್ಯ ಹಿಂದೆ ಬಂದು ನಿಂತರು. ಶೆಡ್ಡಿನ ಮುಖ್ಯಸ್ಥರು, ನಾರಾಯಣಪೇಟೆಯ ಹಳೆಯ ವ್ಯಾಪಾರಸ್ಥರ ಮನೆಯವರು. ಹಣೆಯ ಮೇಲಿನ ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು.

"ಏನವ್ವ, ಪಾತಾಳಕ್ಕ ಗೆರಿ ಎಳದೀಯಲ್ಲ? ಅಲ್ಲಿ ನಮ್ಮ ತಂತಿ ಇಲ್ಲ."

"ಸುಮ್ನ, ಎಲ್ಲಿಗೆ ಹೋಗ್ತಾವ ಅಂತ ನೋಡಿದ್ನಿರಿ."

"ಎಲ್ಲಿಗೆ ಹೋಗ್ತಾವ, ಹಾವಿಗೆ ಇರಿವಿಗೆ ಹೋಗ್ತಾವ. ಮ್ಯಾಲಿಂದು ನೋಡು. ಗೆರಿ ಯಾಕ ಕುಡದು ಬಂದವರಂಗ ನಡದೈತಿ?"

ಗೆರೆ ತೂರಾಡುತ್ತಿದ್ದದ್ದು ನಿಜ. ಲೆಕ್ಕ ಎಷ್ಟು ತಿದ್ದಿದರೂ ಯುರೋಪಿನವರು ಕೇಳಿದಷ್ಟು ನಿಖರತೆ ಬರುತ್ತಿರಲಿಲ್ಲ. ಅಖಿಲಾ ಒಂದು ವಾರ ಹಿಡಿದು ಕೂತು ಕಾರಣ ಹುಡುಕಿದಳು. ಶಕ್ತಿ ಕಡಿಮೆ ಇರುವ ಕಣಗಳು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹೋಗುವಾಗ ದಾರಿ ಸೊಟ್ಟ ಮಾಡಿಕೊಳ್ಳುತ್ತಿದ್ದವು. ಎಲ್ಲ ಪೆಟ್ಟಿಗೆಗಳ ಕೆಳಗೆ ಸೀಸದ ಇಟ್ಟಿಗೆ ಜೋಡಿಸಿ, ಆ ಸೀಸವನ್ನೂ ದಾಟಿ ಹೋದ ಕಣಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಗೆರೆ ನೆಟ್ಟಗಾಗುತ್ತದೆ. ಗ್ರಾಫು ಮಾಡಿ ತೋರಿಸಿದಳು.

ಮಹಾಂತಯ್ಯ ಬಹಳ ಹೊತ್ತು ನೋಡಿದರು. "ಭೇಷ್," ಅಂದರು. ಆಮೇಲೆ ತಲೆ ಎತ್ತಿ ತಗಡನ್ನು, ತಲೆ ತಗ್ಗಿಸಿ ನೆಲವನ್ನು ನೋಡಿದರು. ಪೆಟ್ಟಿಗೆಗಳ ಸಾಲು ಆಗಲೇ ಮೇಲಿನ ತೊಲೆಗೆ ತಾಗುವಂತಿತ್ತು. "ಮ್ಯಾಲ ಎತ್ತಾಕ ಜಾಗ ಇಲ್ಲ. ಕೆಳಗ ತಗ್ಗು ತೋಡಿಸಿ ಸೀಸ ಇಳಿಸೋಣು. ನಾಳೆ ಕಾಂಕ್ರೀಟ್ ಕೊಯ್ಯೋರಿಗೆ ಹೇಳ್ತೀನಿ. ಎಲ್ಲಿಂದ ಎಲ್ಲಿಗೆ ಅಂತ ನೀನ ಗೆರಿ ಹಾಕಿ ಕೊಡು."

ಅಖಿಲಾ ತನ್ನ ಗ್ರಾಫನ್ನೇ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ಅವಳು ಬಂದಾಗ ಎಂಕಮ್ಮ ಕಸ ಗುಡಿಸುತ್ತಿದ್ದಳು. ಜಮ್ಮುಲಮ್ಮನ ಜೊತೆ ಅದೇ ಗುಂಪಿನಲ್ಲಿ ಮಣ್ಣು ಹೊತ್ತವಳು. ಈಗ ಸೊಂಟ ಹೋಗಿ ಶೆಡ್ಡಿನ ಕಸದ ಕೆಲಸ. ಅಖಿಲಾ ಯಾರ ಮಗಳು ಎಂದು ಶೆಡ್ಡಿನಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ.

"ಬಿಡ್ಡಾ, ಇವ್ರು ತಗ್ಗು ತೋಡ್ತಾರಂತ?"

"ಹೂಂ, ದೊಡ್ಡವ್ವ."

ಎಂಕಮ್ಮ ಕಸಬರಿಗೆ ಕಂಕುಳಲ್ಲಿ ಇಟ್ಟುಕೊಂಡು ನಿಂತಳು. "ಅಂಥಾದ್ದೇನು ಹಿಡೀತೈತಿ ಈ ಪೆಟ್ಟಿಗಿ? ಇಲಿ ಬೋನಾದ್ರ ಇಲಿನಾದ್ರೂ ಕಾಣಿಸ್ತಿತ್ತು."

ಅಖಿಲಾ ಹೇಳಿದಳು, ತಂತಿ, ಗ್ಯಾಸು, ಕಣ. "ಎಷ್ಟು ತಡ ಆಗಿ ಬರ್ತೈತೋ ಅಷ್ಟು ದೂರ ಇತ್ತು ಅಂತ ಲೆಕ್ಕ, ದೊಡ್ಡವ್ವ."

ಎಂಕಮ್ಮ ನಕ್ಕಳು. "ಹಂಗಂದ್ರ ನಿಮ್ಮವ್ವ ಈ ಪೆಟ್ಟಿಗಿ ಕೆಡಿಸಿ ಇಡ್ತಿದ್ಲು ನೋಡು."

"ಯಾಕ?"

"ಗದ್ವಾಲಕ್ಕ ನಿನ್ನ ನೋಡಾಕ ಹೋಗ್ತಿದ್ವಲ್ಲ, ಆಕಿ ಜೋಡಿ ನಾನೂ ಹೋಗ್ತಿದ್ನಿ ಒಮ್ಮೊಮ್ಮಿ. ಹೊತ್ತು ಮೂಡೂಕಿಂತ ಮೊದ್ಲಽ ಹೋಗಿ ಕುಂದ್ರತಿದ್ಲು. ಗೇಟಿನ ಎದುರಿಗೆ ಹುಣಸಿಗಿಡ ಇತ್ತಲ್ಲ, ಅದರ ಹಿಂದ. ಒಳಗ ನಡಿ ಅಂದ್ರ ಬರ್ತಿದ್ದಿಲ್ಲ. ಸೀರಿಗೆ ಸಿಮೆಂಟ್ ಮೆತ್ತೈತಿ, ಹುಡುಗೀರ ಅಪ್ಪ ಅವ್ವ ಎಲ್ಲಾ ಹೋಗಲಿ, ನನ್ನ ನೋಡಿ ನನ್ನ ಮಗಳಿಗೆ ನಕ್ಕಾರು ಅಂತಿದ್ಲು. ಗೇಟ್ ಹಾಕೋ ಹೊತ್ತಿಗೆ ಎದ್ದು ಓಡ್ತಿದ್ಲು."

"ಪುಣೆಯಿಂದ ಬರ್ತಿದ್ಲಲ್ಲ ಅವ್ವ."

"ಯಾವ ಪುಣೆ ಬೇ? ನಿಮ್ಮವ್ವ ಪುಣೆ ನೋಡಿದ್ದು ಒಂದಽ ಸಲ. ನೀ ಅಲ್ಲಿ ಓದುವಾಗ ಎರಡು ವರ್ಷ ನಾವು ಧರೂರ್ ಕಾಲುವಿ ಮ್ಯಾಲ ಇದ್ವಿ. ನಿನ್ನ ಹಾಸ್ಟೆಲ್ ಬಿಟ್ಟು ದೂರದ ಕೆಲಸಕ್ಕ ಬರಂಗಿಲ್ಲ ಅಂತ ಮೇಸ್ತ್ರಿ ಜೋಡಿ ಜಗಳಾ ಆಡಿದ್ಲು."

ಎಂಕಮ್ಮ ಮತ್ತೆ ಗುಡಿಸತೊಡಗಿದಳು. ಹೇಳಿದ್ದು ಅವಳಿಗೆ ದೊಡ್ಡ ಮಾತಾಗಿರಲಿಲ್ಲ.

ಅಖಿಲಾ ದೂರದ ಲೆಕ್ಕ ಮತ್ತೆ ಹಾಕಿದಳು. ಧರೂರಿನಿಂದ ಗದ್ವಾಲಿಗೆ ಬಸ್ಸು ಹತ್ತಿದರೆ ಟಿಕೀಟು ಮಡಚುವಷ್ಟರಲ್ಲಿ ಊರು ಬರುತ್ತದೆ. ತಾನು ಗೇಟಿನ ಕಡೆ ನೋಡುತ್ತ ಪುಣೆಗೆ ಸರಿಸಿದ ಅವ್ವ, ಆ ಹೊತ್ತಿಗೆ ಹುಣಸೆಗಿಡದ ಹಿಂದೆ ತನ್ನನ್ನೇ ನೋಡುತ್ತ ಕೂತಿದ್ದಳು. ಹಸಿದೇ ಕೂತಿದ್ದಳೇನೋ. ಕರೆದಿದ್ದರೆ ಕೇಳಿಸುವಷ್ಟು ಹತ್ತಿರ.

ಮಹಾಂತಯ್ಯ ಬಂದರು. ಹಿಂದೆ ಕೊಯ್ಯುವ ಮಷೀನು ಹಿಡಿದ ಇಬ್ಬರು.

"ಗೆರಿ ಎಲ್ಲಿ ಅಖಿಲಾ? ಹಾಕಿಲ್ಲೇನು? ಹಾಕು, ಇವ್ರು ಕಾಯಾಕತ್ಯಾರ." ಸೀಮೆಸುಣ್ಣ ಚಾಚಿದರು.

"ಹಾಕಂಗಿಲ್ರಿ ಸರ್."

"ಯಾಕ?"

"ನಮ್ಮವ್ವ ಕೆಳಗ ಅದಾಳ್ರಿ."

ಮಹಾಂತಯ್ಯ ತಟ್ಟನೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಸರಿದ ಮೇಲೆ ಅಲ್ಲಿಯೂ ಅದೇ ನೆಲ ಇರುವುದನ್ನು ನೋಡಿದರು.

"ನನಗ ಮೊದ್ಲಽ ಹೇಳಬೇಕಿತ್ತವ್ವ."

"ಕೇರಿಯವರು ಹೇಳಿದ್ರಲ್ರಿ, ತಹಸೀಲ್ ಆಫೀಸಿನ್ಯಾಗ. ನಮ್ಮ ಮಂದಿ ಎಲ್ಲಾ ಇಲ್ಲೇ ಅದಾರ ಅಂತ."

"ಸರಿ. ಎಲ್ಲಿ ಅಂತ ತೋರಿಸು. ಅಷ್ಟು ಬಿಟ್ಟು ತೋಡಿಸ್ತೀನಿ."

"ಎಲ್ಲಿ ಅಂತ ನಮಗ ಉಳಿಸಿಲ್ಲಲ್ರಿ. ಕಲ್ಲು ಹಳ್ಳದಾಗ ಅದಾವ." ಅಖಿಲಾಳ ದನಿ ಏರಲಿಲ್ಲ. "ನಿಮ್ಮಲ್ಲೂ ಹೂಳ್ತೀರಿ, ನಮ್ಮಲ್ಲೂ ಹೂಳ್ತೀವಿ. ನಿಮ್ಮ ಅಪ್ಪಾರ ಗದ್ದಿಗಿ ಎಲ್ಲೈತ್ರಿ ಸರ್?"

"ನಮ್ಮ ಹೊಲದಾಗ."

"ಕಾಗದದಾಗ ಅದನ್ನ ಏನಂತ ಬರದಾರ್ರಿ?"

ಮಷೀನಿನವರಲ್ಲಿ ಒಬ್ಬ ಚಪ್ಪಲಿ ಬಿಟ್ಟು ಬಾಗಿಲ ಬಳಿ ಇಟ್ಟ.

"ಪೆಟ್ಟಿಗಿ ಬಿಚ್ಚಿ ಮೂರು ಮೂರರಂತೆ ಸೀಸದ ಮ್ಯಾಲ ಇಟ್ಟು ನೋಡೋಣ್ರಿ," ಅಂದಳು ಅಖಿಲಾ. "ತಗ್ಗು ಬೇಕಾಗಂಗಿಲ್ಲ. ತಡ ಆಗ್ತೈತಿ, ಅಷ್ಟಽ."

"ತಡ ಆದ್ರ ಹಡಗು ಹೋಗ್ತೈತಿ." ಮಹಾಂತಯ್ಯ ಅವಳ ಹತ್ತಿರ ಬಂದು ದನಿ ತಗ್ಗಿಸಿದರು. "ಮ್ಯಾಲಿನವರಿಗೆ ನಾ ಏನು ಹೇಳಲಿ? ಪೆಟ್ಟಿಗಿ ಜೋಡಿ ಹೋಗಿ ಅಲ್ಲಿ ಜೋಡಿಸೋರೊಳಗ ನಿನ್ನ ಹೆಸರು ಬರದೀನಿ. ಅದೂ ಹೋಗ್ತೈತಿ. ನಿನಗ ನೋಡಾಕ ಆಗಂಗಿಲ್ಲ, ನನಗ ತಿಳೀತೈತಿ. ಗೆರಿ ನಾನಽ ಹಾಕ್ತೀನಿ. ನೀ ಹೊರಗ ಹೋಗಿ ಗಿಡದ ನೆರಳಾಗ ಕುಂದ್ರು. ಎಲ್ಲಾ ಮುಗದ ಮ್ಯಾಲ ಕರೀತೀನಿ."

ಅಖಿಲಾ ಪೆಟ್ಟಿಗೆಗಳ ಸಾಲಿನ ಕೆಳಗೆ, ಕಾಂಕ್ರೀಟಿನ ಮೇಲೆ, ಕಾಲು ಮಡಚಿ ಕೂತಳು.

"ಹೊರಗ ಹೋಗಂಗಿಲ್ರಿ," ಅಂದಳು.