ಒಂದೇ ಕೈಯಲ್ಲಿ ಬಿಚ್ಚುವ ಚಾಕು

ಅಳಿಯ ಕಾರಿನ ಬಾಗಿಲು ತೆಗೆದು ಹಿಡಿದ. ಮಾವ ಇನ್ನೊಂದು ಕಡೆಯ ಬಾಗಿಲಿನಿಂದ ಇಳಿದ. ಅವರಿಬ್ಬರ ನಂಟು ಎಂಥದ್ದೆಂದು ತಿಳಿಯಲು ಇಷ್ಟು ಸಾಕು.

ಮಾವನನ್ನು ನಾಟಕಮಂದಿರದಲ್ಲಿ ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ವೇದಿಕೆಯ ಮಗ್ಗುಲಲ್ಲಿ ನಿಂತು ಪರದೆ, ಗೋಡೆ, ಮರ, ಚಂದ್ರ, ಹೀಗೆ ಮೇಲಿನಿಂದ ಇಳಿಯಬೇಕಾದದ್ದನ್ನೆಲ್ಲ ಹಗ್ಗ ಹಿಡಿದು ಇಳಿಸುವುದು, ಏರಿಸುವುದು ಅವನ ಕೆಲಸ. ಮೂವತ್ತೊಂದು ವರ್ಷದಿಂದ ಅವನ ಸೊಂಟದಲ್ಲಿ ಚರ್ಮದ ಒರೆ, ಒರೆಯಲ್ಲಿ ಗೇಣುದ್ದದ ಚಾಕು. ಹಗ್ಗದ ಕೆಲಸದವರ ಕಟ್ಟಳೆ ಅದು. ಓಡುವ ಹಗ್ಗ ಯಾರದಾದರೂ ಕಾಲಿಗೋ ಕುತ್ತಿಗೆಗೋ ಸುತ್ತಿಕೊಂಡರೆ ಬಿಡಿಸುತ್ತ ಕೂರುವಷ್ಟು ಹೊತ್ತಿರುವುದಿಲ್ಲ, ಕತ್ತರಿಸಲೇಬೇಕು. ಅದೂ ಎಡಗೈಯೊಂದರಲ್ಲೇ, ಬಲಗೈ ಭಾರ ಹಿಡಿದುಕೊಂಡಿರುತ್ತದಲ್ಲ. ಇಷ್ಟು ವರ್ಷಗಳಲ್ಲಿ ಅವನು ಎರಡೇ ಸಲ ಆ ಚಾಕು ಎಳೆದಿದ್ದ. ಎರಡು ಸಲವೂ ಜೀವ ಉಳಿದಿತ್ತು.

ಈಗ ನೋಡಿದರೆ ಆ ಚಾಕು ಕಣ್ಣಿಗೆ ಚುಚ್ಚುತ್ತದಂತೆ! ಸಂಜೆ ಏಳಕ್ಕೆ ಹೊಸ ನಾಟಕದ ಮೊದಲ ಆಟ. ಮುಗಿದ ಮೇಲೆ ದೊಡ್ಡ ಮನುಷ್ಯರೆಲ್ಲ ಪರದೆಯ ಹಿಂದೆ ಬಂದು ನೋಡುವವರಿದ್ದರು. ಹಿಂದೆ ಕೆಲಸ ಮಾಡುವವರೂ ಕಪ್ಪು ಕೋಟು ಹಾಕಬೇಕು, ಸೊಂಟದಲ್ಲಿ ಏನೂ ನೇತಾಡಬಾರದು ಎಂದು ಮ್ಯಾನೇಜರ್ ಹುಕುಂ ಹೊರಡಿಸಿದ್ದ. ಆ ಮ್ಯಾನೇಜರೇ ಈ ಅಳಿಯ.

"ಕೋಟಿನೊಳಗೆ ಗೊತ್ತಾಗದ ಹಾಗೆ ತೆಳ್ಳಗಿನ ಚಾಕು ಇಟ್ಕೊಳ್ಳಿ ಮಾವ. ಇಲ್ಲಾಂದ್ರೆ ಇವತ್ತು ಮಗಳ ಪಕ್ಕ ಕೂತು ಆರಾಮಾಗಿ ನಾಟಕ ನೋಡಿ," ಎಂದು ಬೆಳಿಗ್ಗೆ ತಿಂಡಿಯ ಹೊತ್ತಿನಲ್ಲೇ ಹೇಳಿಬಿಟ್ಟಿದ್ದ.

ಆರಾಮಾಗಿ! ಮೇಸ್ತ್ರಿಯ ಮೈಯೆಲ್ಲ ಉರಿದುಹೋಯಿತು. ಒಂದು ದಿನ ಹಗ್ಗ ಬಿಟ್ಟು ಕೂತರೆ ಆ ಜಾಗ ಮತ್ತೆ ತನ್ನದಾಗುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮಗಳು ಅಡಕತ್ತರಿಯಲ್ಲಿ ಸಿಕ್ಕಿಕೊಂಡವಳಂತೆ ಇಬ್ಬರ ಮುಖವನ್ನೂ ನೋಡಿ ಕೋಟಿಗೆ ಇಸ್ತ್ರಿ ಹಾಕಲು ಎದ್ದುಹೋದಳು.

ಹೀಗೆ ಮಟಮಟ ಮಧ್ಯಾಹ್ನ, ಹೊಸ ಕೋಟು ತೊಟ್ಟು, ಮೇಸ್ತ್ರಿ ಚಾಕು ಅಂಗಡಿಯ ಮೆಟ್ಟಿಲು ಹತ್ತಿದ. ಒಳಗೆ ಎಣ್ಣೆಯ ವಾಸನೆ. ಅಂಗಡಿಯಾಕೆ ಕನ್ನಡಕವನ್ನು ಹಣೆಗೇರಿಸಿಕೊಂಡು ಕತ್ತರಿಯೊಂದಕ್ಕೆ ಸಾಣೆ ಹಿಡಿಯುತ್ತಿದ್ದಳು.

"ಯಾರಿಗೆ?"

"ಇವರಿಗೆ," ಎಂದ ಅಳಿಯ.

"ನನಗೂ ಬಾಯಿದೆ," ಎಂದ ಮೇಸ್ತ್ರಿ.

"ಹಾಗಾದ್ರೆ ಆ ಬಾಯಲ್ಲೇ ಹೇಳಿ. ಏನು ಕತ್ತರಿಸ್ಬೇಕು? ಹಣ್ಣಾ, ಕಾಗದಾನಾ?"

"ಹಗ್ಗ. ಎರಡು ಬೆರಳು ದಪ್ಪದ್ದು."

ಆಕೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಈ ಕೋಟು ಹಾಕ್ಕೊಂಡಾ?"

"ಇದು ನಾನು ಹಾಕ್ಕೊಂಡಿದ್ದಲ್ಲ. ಹಾಕಿಸಿದ್ದು."

ಅಳಿಯ ಫೋನ್ ತೆಗೆದು ಅದರಲ್ಲಿ ಮುಖ ಹುದುಗಿಸಿದ.

ಆಕೆ ಗಾಜಿನ ಕಪಾಟಿನಿಂದ ಬಿಳಿ ಹಿಡಿಯ ಮಡಚುವ ಚಾಕೊಂದನ್ನು ತೆಗೆದು ಪುಟ್ಟ ತಕ್ಕಡಿಯ ಮೇಲಿಟ್ಟಳು. "ನೋಡಿ, ಮೂವತ್ತು ಗ್ರಾಂ. ಜೇಬಲ್ಲಿದೆ ಅನ್ನೋದೇ ಮರೆತುಹೋಗುತ್ತೆ."

"ಮರೆತುಹೋಗೋ ಚಾಕು ಕಟ್ಕೊಂಡು ನಾನೇನು ಮಾಡ್ಲಿ? ಉಗುರು ಹಾಕಿ ಎರಡೂ ಕೈಯಲ್ಲಿ ಬಿಚ್ಚಬೇಕಲ್ಲ ಇದನ್ನ. ಆ ಹೊತ್ತಿಗೆ ಅವನು ನೇತಾಡ್ತಿರ್ತಾನೆ."

"ಯಾರು?"

"ಯಾರೋ ಒಬ್ಬ. ಇನ್ನೊಂದು ತೋರಿಸಿ."

ಎರಡನೆಯದು ಗಟ್ಟಿಮುಟ್ಟಾಗಿತ್ತು. ಪ್ಯಾಂಟಿನ ಜೇಬಿಗಿಳಿಸಿ ಕನ್ನಡಿಯ ಮುಂದೆ ನಿಂತ. "ಜೇಬಲ್ಲಿ ಇಲಿ ಸತ್ತು ಬಿದ್ದಂಗಿದೆ," ಎಂದಳು ಆಕೆ. ಅಳಿಯ ಫೋನಿನಿಂದ ತಲೆಯೆತ್ತದೆಯೇ ನಕ್ಕ. ಮೇಸ್ತ್ರಿ ಚಾಕನ್ನು ತೆಗೆದು ಕುಕ್ಕಿದ.

ಮೂರನೆಯದು ನಿಜಕ್ಕೂ ಚೆನ್ನಾಗಿತ್ತು. ಪೆನ್ನಿನಷ್ಟು ತೆಳ್ಳಗೆ, ಕಪ್ಪು ಹಿಡಿ, ಕೋಟಿನ ಒಳಜೇಬಿಗೆ ಸಿಕ್ಕಿಸಲು ಒಂದು ಕ್ಲಿಪ್ಪು. ಅಲಗಿನ ಬುಡದಲ್ಲಿ ಮೊಳೆಯ ತಲೆಯಷ್ಟು ಒಂದು ಗುಬುಟು. ಆಕೆ ಅದಕ್ಕೆ ಹೆಬ್ಬೆರಳು ಕೊಟ್ಟು ತಳ್ಳಿದಳು. ಟಕ್ ಎಂದು ಅಲಗು ಹೊರಬಂದು ನಿಂತಿತು.

ಮೇಸ್ತ್ರಿಗೆ ಅದರ ಮೇಲೆ ಮನಸ್ಸಾಯಿತು. ಬಲಗೈಯಲ್ಲಿ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದ, ಅದು ಹಗ್ಗ. ಎಡಗೈಯಲ್ಲಿ ಚಾಕು ಹಿಡಿದು ಗುಬುಟಿಗೆ ಹೆಬ್ಬೆರಳಿಟ್ಟು ತಳ್ಳಿದ. ಬೆರಳು ಜಾರಿತು. ಮತ್ತೆ ತಳ್ಳಿದ. ಅಲಗು ಒಂದೆಳೆಯಷ್ಟು ಬಾಯಿಬಿಟ್ಟು ಮತ್ತೆ ಮುಚ್ಚಿಕೊಂಡಿತು.

"ಬಿಗಿಯಾಗಿದೆ," ಎಂದ.

ಆಕೆ ಒಂದು ಹನಿ ಎಣ್ಣೆ ಬಿಟ್ಟು ಕೊಟ್ಟಳು. ಈಗ ಬೆರಳು ಇನ್ನಷ್ಟು ಜಾರಿತು.

"ಎಣ್ಣೆ ಜಾಸ್ತಿಯಾಯ್ತು. ಬೇರೆ ಕೊಡಿ."

ಬೇರೆಯದರ ಗುಬುಟು ಸಣ್ಣದಾಯಿತು. ಅದರ ನಂತರದ್ದರ ಹಿಡಿ ನುಣುಪಾಯಿತು. ಆರನೆಯದನ್ನು ಮಾಡಿದವನಿಗೆ ಬುದ್ಧಿಯೇ ಇರಲಿಲ್ಲ. ಏಳನೆಯದರ ಹೊತ್ತಿಗೆ ಮೇಸ್ತ್ರಿ ಚಾಕು ಮಾಡುವವರ ವಂಶವನ್ನೆಲ್ಲ ಜಾಲಾಡಿಬಿಟ್ಟಿದ್ದ, ಹಣೆಯಲ್ಲಿ ಬೆವರು ಇಳಿಯುತ್ತಿತ್ತು.

ಅಳಿಯ ಫೋನನ್ನು ಜೇಬಿಗಿಟ್ಟ. "ಮಾವ, ನಿಮಗೆ ಬೇಕಾಗಿರೋದು ಚಾಕು ಅಲ್ಲ, ಜಗಳ."

"ಬಾಯಿ ಮುಚ್ಚಿಕೊಂಡು ನಿಲ್ಲಿ ಸಾಹೇಬ್ರೇ. ನಿಮಗೆ ಹಗ್ಗ ಹಿಡಿಯೋದು ಕಲಿಸಿದ್ದು ನಾನು."

"ಕಲಿಸಿದ್ರಾ? ಗಂಟು ತಪ್ಪಿದ್ರೆ ಅದೇ ಹಗ್ಗದಲ್ಲಿ ಬೆನ್ನಿಗೆ ಬಾರಿಸ್ತಿದ್ರಿ. ಆರು ವರ್ಷ ಎಲ್ಲರೆದುರಿಗೆ ಬೈಸ್ಕೊಂಡಿದೀನಿ. ನಿಮ್ಮ ಮಗಳ ಮುಖ ನೋಡಿ ಸುಮ್ನಿದೀನಿ, ಅಷ್ಟೇ."

"ಬಾರಿಸಿದ್ದಕ್ಕೇ ನಿಮ್ಮ ಹತ್ತೂ ಬೆರಳು ಜಾಗದಲ್ಲಿವೆ!"

"ನನ್ನ ಅಂಗಡಿಯಲ್ಲಿ ಚಾಕುಗಳಿವೆ," ಎಂದಳು ಆಕೆ. "ಸ್ವಲ್ಪ ದನಿ ತಗ್ಗಿಸಿ ಜಗಳ ಆಡಿ."

ಅಳಿಯ ಆ ಕಪ್ಪು ಹಿಡಿಯ ಚಾಕನ್ನು ಎತ್ತಿಕೊಂಡ. ಎಡಗೈ ಹೆಬ್ಬೆರಳಿನಿಂದ ತಳ್ಳಿದ. ಟಕ್. ಮುಚ್ಚಿದ, ಮತ್ತೆ ತಳ್ಳಿದ. ಟಕ್. ಮಾವನನ್ನು ನೋಡಿದ. ಆಕೆಯೂ ಗುಬುಟಿದ್ದ ಉಳಿದವನ್ನು ಒಂದೊಂದಾಗಿ ತೆಗೆದುಕೊಂಡು ಹೆಬ್ಬೆರಳಲ್ಲೇ ಬಿಚ್ಚಿ ಹಸಿರು ಬಟ್ಟೆಯ ಮೇಲೆ ಸಾಲಾಗಿಟ್ಟಳು. ಬಿಚ್ಚದೇ ಇದ್ದದ್ದು ಒಂದೂ ಇರಲಿಲ್ಲ.

ಮೇಸ್ತ್ರಿ ಒಂದನ್ನು ಮಡಚಿ ಬಲಗೈಗೆ ತೆಗೆದುಕೊಂಡ. ಉಸಿರು ಬಿಗಿಹಿಡಿದು ತಳ್ಳಿದ. ಹೆಬ್ಬೆರಳು ಗಡಗಡ ನಡುಗಿ ಸೋತು ಮಲಗಿತು.

ಯಾವಾಗ ಹೋಯಿತು ಇದು? ಒರೆಯಿಂದ ಚಾಕು ಎಳೆಯಲು ನಾಲ್ಕು ಬೆರಳು ಸಾಕು. ಮೂವತ್ತೊಂದು ವರ್ಷ ಅವನು ಹೆಬ್ಬೆರಳನ್ನು ಏನೂ ಕೇಳಿರಲಿಲ್ಲ. ಅಂಗಿಯ ಗುಂಡಿ ಹಾಕಲು ತಡವಾದರೆ ದರ್ಜಿಯನ್ನು ಬೈದಿದ್ದ, ಡಬ್ಬಿಯ ಮುಚ್ಚಳ ಬರದಿದ್ದರೆ ಮಗಳನ್ನು ಬೈದಿದ್ದ. ಎರಡು ಬೆರಳು ದಪ್ಪದ ಹಗ್ಗ ಕತ್ತರಿಸಬೇಕಾದರೆ ಹಿಡಿಯ ಬೆನ್ನಿಗೆ ಹೆಬ್ಬೆರಳು ಊರಿ ಒತ್ತಲೇಬೇಕು. ಹಳೆಯ ಚಾಕು ಒರೆಯಿಂದ ಬರುತ್ತಿತ್ತು, ಸರಿ. ಬಂದು? ಹಗ್ಗದ ಮೇಲೆ ಕೂತು ಕೆರೆಯುತ್ತಿತ್ತು, ಅಷ್ಟೇ. ಅವನಿಗೆ ನಾಚಿಕೆಯಾಯಿತು. ಆಮೇಲೆ ಭಯವಾಯಿತು. ಅಲ್ಲಿದ್ದ ಸ್ಟೂಲಿನ ಮೇಲೆ ಕುಸಿದ.

"ನೀರು ಕೊಡ್ಲಾ?" ಎಂದಳು ಅಂಗಡಿಯಾಕೆ.

ಅವನು ಬೇಡವೆಂದು ತಲೆಯಾಡಿಸಿದ. ಅಳಿಯನ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಮೇಸ್ತ್ರಿ ಅದನ್ನು ಗಮನಿಸಿದ.

"ನಿಮಗೆ ಗೊತ್ತಿತ್ತು," ಎಂದ.

ಅಳಿಯ ಬಾಗಿಲ ಕಡೆ ನೋಡಿದ. "ಹೋದ ವರ್ಷದಿಂದ. ಮಂದಿರದಲ್ಲೇ ನೋಡಿದೆ. ಹಗ್ಗ ಹಿಡಿದಾಗ ಹೆಬ್ಬೆರಳು ಸುಮ್ಮನೆ ಹೊರಗೆ ನಿಂತಿರುತ್ತೆ."

"ಈ ಕೋಟು, ಈ ಹುಕುಂ, ಎಲ್ಲಾ ಅದಕ್ಕೇನಾ?"

"ಅದಕ್ಕೂ ಹೌದು. ಬಾಯಿಬಿಟ್ಟು ಹೇಳಿದ್ರೆ ನೀವು ಕೇಳ್ತಿದ್ರಾ? ಎಲ್ಲರೆದುರು ನನ್ನ ಮಾನ ತೆಗೀತಿದ್ರಿ. ನಿಮಗೇ ತಿಳೀಲಿ ಅಂತ ಕಾಯ್ತಿದ್ದೆ."

ಮೇಸ್ತ್ರಿ ಎದ್ದು ನಿಂತ. ಇಷ್ಟು ಹೊತ್ತು ಕೂಗಾಡಿದ್ದೆಲ್ಲ ಏನೂ ಅಲ್ಲವೆನ್ನುವಂಥ ಸಿಟ್ಟು ಈಗ ಬಂತು. ಮಾತು ಸಣ್ಣಗೆ ಹೊರಟಿತು.

"ಒಂದು ವರ್ಷ ಕಾದೆಯೇನೋ? ಗೊತ್ತಿದ್ದೂ, ಒಂದು ವರ್ಷ, ಕೆಳಗೆ ಜನರನ್ನ ನಿಲ್ಲಿಸಿದೆಯಾ? ನಾಟಕದ ಹುಡುಗಿಯರು ನಾನಿಳಿಸಿದ ಚಂದ್ರನ ಕೆಳಗೆ ಕುಣೀತಿದ್ರಲ್ಲೋ! ನನ್ನ ಚಾಕು ಇದೆ ಅನ್ನೋ ಧೈರ್ಯದ ಮೇಲೆ ನಿಂತಿದ್ರು ಅವರು. ನನ್ನ ಬಾಯಿಗೆ ಹೆದರಿ ಅವರ ಜೀವ ಪಣಕ್ಕಿಟ್ಟೆಯಾ, ಹೇಡಿ?"

ಅಳಿಯನ ಮುಖ ಕಪ್ಪಿಟ್ಟಿತು.

"ನಾನು ಇವತ್ತು ಹಗ್ಗ ಮುಟ್ಟಲ್ಲ," ಎಂದ ಮೇಸ್ತ್ರಿ. "ನಾಳೆನೂ ಇಲ್ಲ. ನಿನಗೆ ಬೇಕಾಗಿದ್ದು ಆಯ್ತಲ್ಲ. ಸಂಜೆ ಅಲ್ಲಿ ನಿಲ್ಲೋದು ನೀನು."

"ನಾನಾ? ಮಾವ, ನಾನು ಮ್ಯಾನೇಜರ್. ಬಂದವರನ್ನ ಕರೆದು ಕೂರಿಸಬೇಕು, ನಾನು ಹಗ್ಗ ಬಿಟ್ಟು ಏಳು ವರ್ಷ..."

"ಆ ಮಂದಿರದಲ್ಲಿ ನನ್ನ ಕೈಲಿ ಏಟು ತಿಂದು ಕಲಿತವನು ನೀನೊಬ್ಬನೇ. ಬಂದವರು ತಾವೇ ಕೂತ್ಕೊಳ್ತಾರೆ. ಚಾಕು ಮಡಚು."

ಅಳಿಯ ಮಡಚಿದ. ಮೇಸ್ತ್ರಿ ಮುಂದೆ ಬಂದು ಅವನ ಬಲ ಮುಂಗೈಯನ್ನು ನಾಲ್ಕು ಬೆರಳಿನಿಂದ ಗಪ್ಪನೆ ಹಿಡಿದು ಕೆಳಕ್ಕೆ ಜಗ್ಗಿದ. ಆ ನಾಲ್ಕರಲ್ಲಿ ಇನ್ನೂ ಬೇಕಾದಷ್ಟು ಕಸುವಿತ್ತು. ಅಳಿಯ ಮುಗ್ಗರಿಸಿ ಮೇಜಿಗೆ ಆನಿಕೊಂಡ.

"ಇದು ಭಾರ. ಬಿಟ್ರೆ ಕೆಳಗಿರೋರ ತಲೆ ಮೇಲೆ. ಹ್ಞೂಂ, ಬಿಚ್ಚು."

ಟಕ್.

"ಕಣ್ಣು ಚಾಕಿನ ಮೇಲೆ ಯಾಕೆ? ಮೇಲೆ ನೋಡ್ಕೊಂಡು ಬಿಚ್ಚು. ಮುಚ್ಚು. ಮತ್ತೆ."

ಟಕ್.

ಅಂಗಡಿಯಾಕೆ ಉಳಿದ ಚಾಕುಗಳನ್ನು ಒಂದೊಂದಾಗಿ ಮಡಚಿ ಕಪಾಟಿಗೆ ಸೇರಿಸತೊಡಗಿದಳು. ಇದನ್ನು ಕಾಗದದಲ್ಲಿ ಕಟ್ಟಿಕೊಡಲೇ ಎಂದು ಕೇಳಿದಳು. ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಮೇಸ್ತ್ರಿ ಎಣಿಸುತ್ತಿದ್ದ. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಅವನು ಆ ಮುಂಗೈಯನ್ನು ಬಿಡಲಿಲ್ಲ. ಹನ್ನೊಂದನೆಯ ಸಲ ಅಳಿಯನ ಬೆರಳು ಜಾರಿತು.

"ಸತ್ತ," ಎಂದ ಮೇಸ್ತ್ರಿ. "ಒಬ್ಬ ಸತ್ತ. ಮತ್ತೆ ಮೊದಲಿಂದ."

ಅಳಿಯ ಚಾಕನ್ನು ಮಡಚಿ ಹೆಬ್ಬೆರಳನ್ನು ಗುಬುಟಿನ ಮೇಲಿಟ್ಟ.